ಒದ್ದೆ ಮಾಪಿನ ಮೇಷ್ಟ್ರು

ಸಿರಾಮಿಕ್ಸ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ಬ್ಯಾಚಿನವರಿಗೆಲ್ಲ ಮೊದಲು ನೆನಪಾದದ್ದು ಅವರ ಒದ್ದೆ ಮಾಪು. ಸ್ಟುಡಿಯೊದೊಳಗೆ ಪೊರಕೆ ತರುವಂತಿರಲಿಲ್ಲ. ಒಣ ಜೇಡಿಯ ದೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ. ಗುಡಿಸಿದರೆ ಅದರ ಅತಿ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ಇದ್ದು ಶ್ವಾಸಕೋಶಕ್ಕಿಳಿಯುತ್ತವೆ. ಪ್ಲಾಸ್ಟರ್ ಅಚ್ಚುಗಳ ಮೇಜನ್ನೂ ಅವರು ದೂರವೇ ಇಡಿಸಿದ್ದರು. ಪ್ಲಾಸ್ಟರಿನ ಒಂದು ಚೂರು ಮಣ್ಣಿಗೆ ಸೇರಿದರೆ ಸಾಕು, ಸುಟ್ಟ ಮೇಲೆ ಗಾಳಿಯ ತೇವ ಹೀರಿ ಉಬ್ಬಿ, ವಾರಗಳ ನಂತರವೂ ಪಾತ್ರೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ.

ಬಿಸ್ಕ್ ಸುಡುವಾಗ, ಅಂದರೆ ಮಣ್ಣಿನ ಪಾತ್ರೆಯನ್ನು ಮೊದಲ ಸಲ ಸುಡುವಾಗ, ಅವರಿಗೆ ಅವಸರವೆಂಬುದೇ ಇಲ್ಲ. 100 ಡಿಗ್ರಿ ದಾಟುವವರೆಗೆ ಭಟ್ಟಿಯ ಮುಚ್ಚಳ ಬೆರಳಗಲ ತೆರೆದಿರಬೇಕು. ಪಾತ್ರೆ ಸಿಡಿದರೆ ಎಲ್ಲರೂ ಗಾಳಿಗುಳ್ಳೆಯನ್ನು ದೂರುತ್ತಾರೆ; ನಿಜವಾಗಿ ಸಿಡಿಸುವುದು ಒಳಗುಳಿದ ನೀರಿನ ಆವಿ. ಕೆನ್ನೆಗೆ ತಾಗಿಸಿದಾಗ ತಣ್ಣಗೆನಿಸುವ ಪಾತ್ರೆ ಇನ್ನೂ ಹಸಿಯೇ. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಹರಳು ದಿಢೀರನೆ ಹಿಗ್ಗುತ್ತದೆ, ತಣಿಯುವಾಗ ಅಷ್ಟೇ ಕುಗ್ಗುತ್ತದೆ. ಅಲ್ಲಿ ಮತ್ತೆ ನಿಧಾನ. ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಹಚ್ಚಿದ ಪಾತ್ರೆಯ ತಳದಂಚನ್ನು 3 ಮಿಲಿಮೀಟರಾದರೂ ಒರೆಸಬೇಕು, ಭಟ್ಟಿಯ ಶೆಲ್ಫಿಗೆ ಕಯೊಲಿನ್ ಎಂಬ ಬಿಳಿ ಜೇಡಿ ಮತ್ತು ಅಲ್ಯೂಮಿನಾ ಪುಡಿ ಸಮಸಮ ಕಲಸಿ ಬಳಿಯಬೇಕು. ಇಲ್ಲವಾದರೆ ಗ್ಲೇಜ್ ಕರಗಿ ಶೆಲ್ಫಿಗಂಟಿದ ಪಾತ್ರೆಯನ್ನು ಉಳಿ ಹಿಡಿದು ಕೀಳಬೇಕಾಗುತ್ತದೆ.

ಅವರು ಊಟಕ್ಕೆ ಹೋದಾಗ ಹುಡುಗರು ಮುಚ್ಚಳ ಎತ್ತಿ ಇಣುಕಿದ ಪ್ರಸಂಗವನ್ನು ಯಾರೂ ಮರೆತಿಲ್ಲ. ಭಟ್ಟಿಯ ಬಿಸಿ ಇನ್ನೂ 200 ಡಿಗ್ರಿಯ ಮೇಲಿತ್ತು. ಟಿಣ್ ಟಿಣ್ ಎಂದು ಗ್ಲೇಜ್ ಬಿರಿಯತೊಡಗಿತು. ಮೇಷ್ಟ್ರು ಬೈಯಲಿಲ್ಲ. ಬಟ್ಟಲಿಗೆ ಶಾಯಿ ಸವರಿ, ಗೆರೆಗಳು ಎದ್ದು ಕಾಣುವಂತೆ ಮಾಡಿ, ತಣ್ಣನೆ ಗಾಳಿ ಯಾವ ಕಡೆಯಿಂದ ನುಗ್ಗಿತೆಂದು ತೋರಿಸಿದರು.

ಪಕ್ಕದ ಡಾರ್ಕ್‌ರೂಮ್, ಫೋಟೊ ಪ್ರಿಂಟ್ ಮಾಡುವ ಕತ್ತಲ ಕೋಣೆ, ಇನ್ನೊಬ್ಬ ಮೇಷ್ಟ್ರದು. ನೆಗೆಟಿವನ್ನು ದೊಡ್ಡದು ಮಾಡಿ ಪೇಪರಿಗೆ ಬೀಳಿಸುವ ಎನ್‌ಲಾರ್ಜರ್, ಪೇಪರ್ ಒಣ ಕಡೆ, ದ್ರಾವಣಗಳ ಟ್ರೇಗಳು ಒದ್ದೆ ಕಡೆ, ಟ್ರೇಗೊಂದು ಇಕ್ಕಳ. ಪ್ರಿಂಟ್ ಬೇಗ ಕಪ್ಪಾಯಿತೆಂದು ಡೆವಲಪರಿನಿಂದ (ಚಿತ್ರ ಮೂಡಿಸುವ ದ್ರಾವಣ) ಮೊದಲೇ ಎತ್ತಿದರೆ ಕಪ್ಪು ಮಂಕಾಗುತ್ತದೆ, ತಗ್ಗಿಸಬೇಕಾದದ್ದು ಎಕ್ಸ್‌ಪೋಷರ್, ಪೇಪರಿಗೆ ಕೊಡುವ ಬೆಳಕು. ಸೇಫ್‌ಲೈಟ್, ಅಂದರೆ ಪೇಪರ್ ಕೆಡಿಸದ ಮಂದ ದೀಪ, ಸರಿಯಿದೆಯೇ ಎಂದು ನೋಡಲು ಅವರ ಕ್ರಮ ಹೀಗೆ: ನಸುಬೂದು ಬರುವಷ್ಟು ಬೆಳಕು ಕೊಟ್ಟ ಪೇಪರಿನ ಮೇಲೆ ನಾಣ್ಯವಿಟ್ಟು ಆ ದೀಪದಡಿ 5 ನಿಮಿಷ ಬಿಡುವುದು. ಡೆವಲಪ್ ಮಾಡಿದಾಗ ನಾಣ್ಯದ ಗುರುತು ಕಂಡರೆ ಆ ದೀಪ ಬೇಡ. ಬಳಸಿದ ಫಿಕ್ಸರಿನಲ್ಲಿ (ಮೂಡಿದ ಚಿತ್ರ ಉಳಿಸುವ ದ್ರಾವಣ) ಬೆಳ್ಳಿ ಕರಗಿರುತ್ತದೆ, ಅದು ಚರಂಡಿಗಲ್ಲ, ಕ್ಯಾನಿಗೆ.

ಈಗಿನ ಭಟ್ಟಿಗಳಿಗೆ ಡಿಜಿಟಲ್ ಕಂಟ್ರೋಲರ್ ಬಂದಿದೆ, ಒಳ್ಳೆಯದೇ. ಆದರೆ ವೇಳಾಪಟ್ಟಿ ಕೊಡುವುದು ಒಂದು ಗಂಟೆಯ ಪೀರಿಯಡ್. ಸ್ಟೋನ್‌ವೇರ್ ಎಂಬ ಗಟ್ಟಿ ಜಾತಿಯ ಪಾತ್ರೆ 1,200 ಡಿಗ್ರಿ ದಾಟಿ, ತಣಿದು ಹೊರಬರಲು ಒಂದು ಹಗಲು ಒಂದು ರಾತ್ರಿಯೂ ಸಾಲದು. ನಮ್ಮ ಬ್ಯಾಚಿನ ಬಟ್ಟಲುಗಳು ಇಂದಿನವಕ್ಕಿಂತ ಗಟ್ಟಿ ಎಂದು ಧೈರ್ಯವಾಗಿ ಹೇಳುತ್ತೇನೆ. ಭಟ್ಟಿ ತುಂಬಿದವರೇ ಇಳಿಸುತ್ತಲೂ ಇದ್ದರು. ಈಗ ತುಂಬುವವರು ತಂತ್ರಜ್ಞರು, ಒಯ್ಯುವವರು ವಿದ್ಯಾರ್ಥಿಗಳು; ಬಿರುಕು ಏಕೆ ಬಂತೆಂದು ಇಬ್ಬರಿಗೂ ಗೊತ್ತಾಗುವುದಿಲ್ಲ. ಭಟ್ಟಿ ಇಳಿಸುವ ದಿನವನ್ನಾದರೂ ತರಗತಿಯೆಂದು ಲೆಕ್ಕಕ್ಕೆ ಹಿಡಿದು, ಹಾಜರಿಯನ್ನು ಅಲ್ಲೇ ತೆಗೆದುಕೊಳ್ಳಲಿ.