ಉತ್ತರ ಹೇಳಬೇಡಿ, ಜಾಡು ಹೇಳಿ

‘ಲೋಕ ಮಲಗಿದಾಗ ಒಳಗೊಳಗೇ ಅರಳಿದ ಹೂ (3).’

ಹೋದ ಶನಿವಾರ ರಾತ್ರಿ ಒಂಬತ್ತಕ್ಕೆ ನಮ್ಮ ಟೆಲಿಗ್ರಾಂ ಗುಂಪಿಗೆ ಬಂದ ಸುಳಿವು ಇದು. ಕೊನೆಯಲ್ಲಿರುವ ಅಂಕಿ, ಉತ್ತರದಲ್ಲಿ ಎಷ್ಟು ಅಕ್ಷರ ಅಂತ ಹೇಳುತ್ತದೆ. ಒಂದು ಸಾಲಿನ ಕವಿತೆ ಓದಿದ ಹಾಗಾಗುತ್ತದೆ ಅಲ್ವಾ? ಕವಿತೆ ಅಂತ ಓದಿದರೆ ಮಾತ್ರ ಉತ್ತರ ಸಿಗುವುದಿಲ್ಲ.

ನಮ್ಮದು ಗೂಢ ಪದಬಂಧದ ಗುಂಪು. ತಿಂಗಳಿಗೊಂದು ಗಂಟು ಬರುತ್ತದೆ. ಗಂಟು ಅಂದರೆ ಮೂರೋ ನಾಲ್ಕೋ ಸುಳಿವು. ಅವುಗಳ ಉತ್ತರ ಸಿಕ್ಕ ಮೇಲೆ ಪ್ರತಿಯೊಂದರ ಮೊದಲಕ್ಷರ ಕೂಡಿಸಿದರೆ ಕೊನೆಯ ಪದ. ಆ ಪದಕ್ಕೂ ಬೇರೆಯೇ ಒಂದು ಸುಳಿವು ಇರುತ್ತದೆ. ಗಂಟು ಕಟ್ಟಿದವರು ಆಟ ಮುಗಿಯುವ ತನಕ ಬಾಯಿ ಬಿಡುವ ಹಾಗಿಲ್ಲ. ಬಿಡಿಸುವವರಿಗೆ ಇರುವುದು ಒಂದೇ ನಿಯಮ: ಉತ್ತರ ಹೇಳಬೇಡಿ, ಜಾಡು ಹೇಳಿ. ಹೊಳೆದ ಕೂಡಲೇ ಕೂಗಿಬಿಟ್ಟರೆ ಉಳಿದವರ ಊಟದ ತಟ್ಟೆ ಎತ್ತಿಟ್ಟ ಹಾಗೆ. ‘ಮೂರನೇ ಪದ ಯಾಕೆ ಇದೆ ನೋಡಿ’ ಅನ್ನಬಹುದು. ‘ಇದನ್ನು ಒಡೆಯಬೇಕು’ ಅನ್ನಬಹುದು. ಮೂವರು ‘ಸಿಕ್ತು’ ಅಂದ ಮೇಲೆಯೇ ಉತ್ತರ ಬಯಲಾಗುವುದು. ಈ ಒಂದು ನಿಯಮದಿಂದಲೇ ಇದು ಪಂದ್ಯ ಆಗದೆ ಒಟ್ಟಿಗೆ ಕೂತು ಮಾಡುವ ಕೆಲಸವಾಗಿ ಉಳಿದಿದೆ ಅಂತ ನನ್ನ ನಂಬಿಕೆ.

ನಾನು ಮೈಸೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಗುಂಪಿನಲ್ಲಿ ಹುಬ್ಬಳ್ಳಿಯ ಒಬ್ಬರು ಅಕ್ಕೋರು ಇದ್ದಾರೆ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾರೆ. ಉಡುಪಿಯ ಅಣ್ಣ ಬ್ಯಾಂಕಿನಿಂದ ನಿವೃತ್ತರು. ಮೂಡಿಗೆರೆ ಕಡೆಯ ಕಾಫಿ ತೋಟದ ತಮ್ಮನಿಗೆ ಸಿಗ್ನಲ್ ಸಿಕ್ಕಾಗ ಮಾತ್ರ ಆಟ. ಕ್ಯಾಲಿಫೋರ್ನಿಯಾದ ಹುಡುಗ ತನ್ನ ಬೆಳಗಿನ ಕಾಫಿ ಹೊತ್ತಿಗೆ ಬಂದು ಕೂರುತ್ತಾನೆ. ಈ ಸಲ ಗಂಟು ಕಟ್ಟಿದವರು ಬ್ಯಾಡಗಿಯ ಸರ್.

ಗೂಢ ಸುಳಿವು ಅಂದರೇನು ಅಂತ ಕೇಳುವವರಿಗೆ ನಾನು ಯಾವಾಗಲೂ ಒಂದೇ ಉದಾಹರಣೆ ಕೊಡುತ್ತೇನೆ. ‘ಹುಡುಕು ದೊರೆ! (3)’. ಯಾರೋ ದೊರೆಗೆ ‘ಹುಡುಕಪ್ಪಾ’ ಅಂತ ಹೇಳಿದ ಹಾಗಿದೆ. ಆದರೆ ಇಲ್ಲಿರುವುದು ಪಕ್ಕಪಕ್ಕ ಇಟ್ಟ ಎರಡು ಅರ್ಥ. ಹುಡುಕು ಅಂದರೆ ಅರಸು. ದೊರೆ ಅಂದರೂ ಅರಸು. ಮುಗಿಯಿತು. ವಾರಪತ್ರಿಕೆಯ ಪದಬಂಧದಲ್ಲಿ ‘ರಾಜ (3)’ ಅಂತಷ್ಟೇ ಕೊಡುತ್ತಾರೆ, ನಾವು ಅರಸನೋ ಒಡೆಯನೋ ಅಂತ ಊಹಿಸುತ್ತಾ ಅಡ್ಡ ಬರುವ ಪದಕ್ಕೆ ಕಾಯಬೇಕು. ಗೂಢ ಸುಳಿವಿನಲ್ಲಿ ಹಾಗಲ್ಲ. ಅರ್ಥವೂ ಅಲ್ಲೇ ಇರುತ್ತದೆ, ಅಲ್ಲಿಗೆ ಹೋಗುವ ಇನ್ನೊಂದು ದಾರಿಯೂ ಅಲ್ಲೇ ಇರುತ್ತದೆ. ಎರಡೂ ಒಂದೇ ಜಾಗಕ್ಕೆ ಬಂದು ಸೇರಿದಾಗ ಅನುಮಾನವೇ ಉಳಿಯುವುದಿಲ್ಲ. ಆ ಖಚಿತ ನನಗೆ ತುಂಬಾ ಇಷ್ಟ.

ಇದು ಇಂಗ್ಲಿಷಿನವರ ಆಟ, ಕನ್ನಡಕ್ಕೆ ಒಗ್ಗುವುದಿಲ್ಲ ಅನ್ನುವವರಿದ್ದಾರೆ. ಪದಬಂಧ ಹುಟ್ಟಿದ್ದು ಹೊರಗೆ, ನಿಜ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಅನ್ನುವವರು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರದ ಆಕಾರದ ಮೊದಲ ಪದಬಂಧ ಹಾಕಿದರು. ಅದಕ್ಕೆ ಈ ಗೂಢದ ರೂಪ ಕೊಟ್ಟವರು 1920ರ ದಶಕದ ಇಂಗ್ಲೆಂಡಿನವರು. ಆದರೆ ನಮ್ಮ ಚೌಕದಲ್ಲಿ ಕೂರುವುದು ಪೂರ್ತಿ ಅಕ್ಷರ, ಗುಣಿತ ಒತ್ತು ಎಲ್ಲ ಸೇರಿ. ‘ಸ್ತ್ರೀ’ಗೆ ಒಂದೇ ಮನೆ. ‘ಹಂಪೆ’ಗೆ ಎರಡು, ಸೊನ್ನೆ ‘ಹ’ದ ಜೊತೆಗೇ ಹೋಗುತ್ತದೆ. ‘ಬಸ್’ಗೆ ಎಷ್ಟು ಅನ್ನುವುದರ ಮೇಲೆ ಒಂದು ಇಡೀ ಸಂಜೆ ವಾದ ನಡೆದು ಎರಡು ಅಂತ ತೀರ್ಮಾನವಾಯಿತು. ಹೀಗಾಗಿ ಇಂಗ್ಲಿಷಿನ ಹಾಗೆ ಅಕ್ಷರ ಕಲಸಿ ಹೊಸ ಪದ ಮಾಡುವುದು ನಮ್ಮಲ್ಲಿ ಕಷ್ಟ, ಸಿಗುವುದು ಕಡಿಮೆ. ಬದಲಿಗೆ ಪದ ಒಡೆಯುವುದು, ಕೂಡಿಸುವುದು, ತಿರುಗಿಸುವುದು, ಬಚ್ಚಿಡುವುದು ಜಾಸ್ತಿ ಸಲೀಸು. ಮಡಿ ಮತ್ತು ಕೇರಿ ಸೇರಿಸಿ ಒಂದು ಊರು ಮಾಡಬಹುದು. ಜಗ ತಿರುಗಿದರೆ ಗಜ. ಶಾಲೆಯಲ್ಲಿ ಸಂಧಿ ಬಿಡಿಸಿ ಬೆಳೆದ ನಮಗೆ ಇದೇನು ಹೊಸದಲ್ಲ.

ಅಷ್ಟೇ ಅಲ್ಲ. ಹೇಳುವುದೊಂದು, ಒಳಗಿರುವುದೊಂದು ಅನ್ನುವ ರುಚಿ ನಮ್ಮಲ್ಲಿ ಹಳೆಯದು. ಅಲ್ಲಮನ ಬೆಡಗಿನ ವಚನಗಳಿವೆ. ಒಗಟಿನ ಹಾಗೆ ಕಟ್ಟಿದ ದಾಸರ ಹಾಡುಗಳು, ಮುಂಡಿಗೆಗಳಿವೆ. ಸಭೆಯಲ್ಲಿ ನಿಂತ ನಿಲುವಿನಲ್ಲೇ ಪದ್ಯ ಕಟ್ಟುವ ಅವಧಾನದ ನಿಷೇಧಾಕ್ಷರಿ ನೋಡಿದವರಿಗೆ ಗೊತ್ತು: ಅವಧಾನಿ ಒಂದೊಂದೇ ಅಕ್ಷರ ಹೇಳುತ್ತಾ ಹೋಗುತ್ತಾರೆ, ಎದುರು ಕೂತವರು ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಬೇಡ ಅನ್ನುತ್ತಾರೆ, ಅದನ್ನು ಬಿಟ್ಟು ಪದ್ಯ ಮುಂದುವರಿಯಬೇಕು. ಅದನ್ನು ಕಣ್ಣಾರೆ ನೋಡಿದ ಮೇಲೆ, ಅಕ್ಷರವನ್ನು ಚೌಕದಲ್ಲಿ ಕೂರಿಸುವ ಆಟ ನಮ್ಮದಲ್ಲ ಅಂತ ನಾನು ಒಪ್ಪುವುದೇ ಇಲ್ಲ.

ಹೂವಿಗೆ ಬರೋಣ. ಎಲ್ಲರಿಗೂ ಮೊದಲು ಹೊಳೆದದ್ದು ನೈದಿಲೆ. ಲೋಕ ಮಲಗಿದಾಗ ಅರಳುವ ಹೂ, ಚಂದ್ರ ಬಂದರೆ ಕಣ್ಣು ಬಿಡುತ್ತದೆ, ಮೂರೇ ಅಕ್ಷರ. ಇನ್ನೇನು ಬೇಕು? ಪಾರಿಜಾತಕ್ಕೆ ನಾಲ್ಕಕ್ಷರ, ಬ್ರಹ್ಮಕಮಲಕ್ಕೆ ಐದು. ಎರಡೂ ಬಿದ್ದುಹೋದವು. ಉಡುಪಿಯ ಅಣ್ಣ ‘ಸಿಕ್ಕಿತು ಮಾರಾಯ್ರೆ’ ಅಂತ ಹಾಕಿಯೇಬಿಟ್ಟರು. ಇನ್ನೊಬ್ಬರು ‘ಸಿಕ್ತು’ ಅಂದರು. ಮೂರನೆಯವರು ಬರುವ ಮೊದಲು ಅಕ್ಕೋರು ಅಡ್ಡ ಬಂದರು.

‘ಅರ್ಥ ಹೊಂದತೈತ್ರಿ. ಆದ್ರ ಒಳಗೊಳಗೇ ಯಾಕ ಬಂತು? ಆ ಪದ ಅಲ್ಲಿ ಏನ್ ಕೆಲಸ ಮಾಡಾಕತ್ತೈತಿ?’

ಇದೇ ನೋಡಿ ಗೂಢ ಸುಳಿವು ಬಿಡಿಸುವ ಮೊದಲ ಪಾಠ. ಕಟ್ಟಿದವರು ಒಂದು ಪದವನ್ನೂ ಸುಮ್ನೆ ಇಡುವುದಿಲ್ಲ. ಬರೀ ನೈದಿಲೆ ಆಗಿದ್ದರೆ ‘ಲೋಕ ಮಲಗಿದಾಗ ಅರಳಿದ ಹೂ’ ಸಾಕಿತ್ತು. ಗುಂಪು ಸ್ವಲ್ಪ ಹೊತ್ತು ತಣ್ಣಗಾಯಿತು. ಆಮೇಲೆ ಕ್ಯಾಲಿಫೋರ್ನಿಯಾದ ಹುಡುಗ ಕೇಳಿದ: ‘ಒಳಗೆ ಅಂದ್ರೆ ಯಾವುದರ ಒಳಗೆ ಅಕ್ಕಾ?’

ಆ ಪ್ರಶ್ನೆ ಬಂದ ಕೂಡಲೇ ನಾನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಸುಳಿವಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದೆ. ಪದಗಳ ನಡುವಿನ ಜಾಗ ತೆಗೆದೆ. ಲೋ, ಕ, ಮ, ಲ, ಗಿ, ದಾ, ಗ. ಎರಡು ಪದಗಳ ಬೆಸುಗೆಯಲ್ಲಿ ಕಮಲ ಕೂತಿತ್ತು. ಲೋಕದ ಬಾಲ, ಮಲಗುವುದರ ತಲೆ. ‘ಪದಗಳ ನಡುವೆ ಇರುವ ಖಾಲಿ ಜಾಗವನ್ನು ನಂಬಬೇಡಿ’ ಅಂತಷ್ಟೇ ಗುಂಪಿಗೆ ಬರೆದೆ. ಅಕ್ಕೋರು ‘ಸಿಕ್ತ್ರಿ!’ ಅಂದರು, ಹುಡುಗನೂ ಅಂದ.

ಅಣ್ಣನಿಗೆ ಸಮಾಧಾನ ಇಲ್ಲ. ಕಮಲ ರಾತ್ರಿ ಅರಳುವುದೇ ಇಲ್ಲ, ಸುಳಿವು ಸುಳ್ಳು ಹೇಳಿದೆ ಅಂತ ಅವರ ವಾದ. ಅರ್ಧ ಗಂಟೆ ಇದೇ ನಡೆಯಿತು. ನನ್ನ ಪ್ರಕಾರ ಸುಳಿವು ಸರಿಯಾಗಿದೆ. ಅರ್ಥದ ಭಾಗ ಇರುವುದು ‘ಅರಳಿದ ಹೂ’ ಅನ್ನುವಲ್ಲಿ. ಉಳಿದದ್ದು ದಾರಿ. ಮೇಲ್ನೋಟದ ಚಿತ್ರ ನಮ್ಮನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಲಿ, ದಾರಿ ಮಾತ್ರ ನೆಟ್ಟಗಿರಬೇಕು. ಹಗಲಿನ ಹೂವನ್ನು ರಾತ್ರಿಯ ಸಾಲಿನಲ್ಲಿ ಬಚ್ಚಿಟ್ಟು, ನಮ್ಮೆಲ್ಲರನ್ನೂ ಅದರ ಎದುರಾಳಿ ನೈದಿಲೆಯ ಹಿಂದೆ ಓಡಿಸಿದ ಸರ್ ಅವರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ.

ಎರಡನೆಯದು: ‘ಏಳು ಕೂಡಿದರೆ ವಾರ, ಒಂದೇ ಹಿಂದಿರುಗಿದರೆ ಹೊಳೆ (2).’ ಇದು ಬೇಗ ಬಿಚ್ಚಿಕೊಂಡಿತು. ಹೊಳೆ ಅಂದರೆ ಮಿಂಚು ಇರಬಹುದಾ ಅಂತ ಯಾರೋ ಕೇಳಿದರು, ಒಳ್ಳೆಯ ಯೋಚನೆಯೇ. ಆದರೆ ಮಿಂಚು ತಿರುಗಿಸಿದರೆ ಏನೂ ಬರುವುದಿಲ್ಲ. ಏಳು ದಿನ ಕೂಡಿದರೆ ವಾರ. ದಿನ ತಿರುಗಿದರೆ ನದಿ.

ಮೂರನೆಯದರಲ್ಲಿ ಎಲ್ಲರೂ ಸಿಕ್ಕಿಬಿದ್ದೆವು. ‘ಗುಡಿಯ ನೆತ್ತಿಯಲ್ಲೊಂದು ಊರು (3).’ ಗೋಪುರ ಅಂತ ಯಾರಿಗೆ ತಾನೇ ಅನ್ನಿಸುವುದಿಲ್ಲ? ಗುಡಿಯ ಮೇಲಿರುವುದು ಗೋಪುರ, ಅದರೊಳಗೆ ಪುರ ಇದೆ, ಪುರ ಅಂದರೆ ಊರು. ಇಷ್ಟು ಚೆನ್ನಾಗಿ ಕೂತ ಉತ್ತರವನ್ನು ಬಿಡುವುದಕ್ಕೆ ಮನಸ್ಸೇ ಬರಲಿಲ್ಲ. ಆದರೆ ‘ಗೋ’ ಎಲ್ಲಿಂದ ಬಂತು ಅಂತ ತೋರಿಸಲು ಯಾರಿಗೂ ಆಗಲಿಲ್ಲ. ಹಸುವಿನ ಸುದ್ದಿಯೇ ಸುಳಿವಿನಲ್ಲಿ ಇಲ್ಲ. ಹನ್ನೊಂದು ಗಂಟೆಯಾಯಿತು, ಶಿಖರ ಬಂತು, ಹೋಯಿತು.

ಆಗ ಅಕ್ಕೋರು ಹೇಳಿದರು, ಇದನ್ನು ಬಿಟ್ಟು ಕೊನೆಯ ಪದಕ್ಕೆ ಹೋಗೋಣ, ಅಲ್ಲಿಂದ ಹಿಂದಕ್ಕೆ ಬರೋಣ ಅಂತ. ಕೊನೆಯ ಸುಳಿವು ಹೀಗಿತ್ತು: ‘ಕಿಂಡಿಯ ಈಚೆಯಿಂದ ಓದಿ, ಆಚೆಯಿಂದ ಓದಿ, ಅವನೇ (3).’ ಕಿಂಡಿ ಅಂದ ತಕ್ಷಣ ಅಣ್ಣ ‘ಅದು ನಮ್ಮೂರಿನದ್ದೇ’ ಅಂದರು. ಉಡುಪಿಯ ಮಠದಲ್ಲಿ ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದಾನೆ. ಹೊರಗೆ ನಿಂತು ಹಾಡಿದ ಭಕ್ತನಿಗಾಗಿ ಗೋಡೆ ಬಿರಿದು, ದೇವರು ತಿರುಗಿದ ಅನ್ನುವ ಕಥೆ ಎಲ್ಲರಿಗೂ ಗೊತ್ತಿರುವುದೇ. ಹಾಗಾದರೆ ‘ಅವನೇ’ ಅಂದರೆ ಯಾರು? ಅಣ್ಣ ಒಳಗಿರುವವನನ್ನು ಹಿಡಿದರು. ಮಾಧವ, ಕೇಶವ, ಮುಕುಂದ, ಎಲ್ಲವೂ ಮೂರಕ್ಷರ. ಆದರೆ ನಮ್ಮ ಕೈಯಲ್ಲಿ ಆಗಲೇ ‘ಕ’ ಮತ್ತು ‘ನ’ ಇದ್ದವು. ‘ಓದಿ ಅಂದಿದ್ದಾರೆ, ನೋಡಿ ಅಂದಿಲ್ಲ’ ಅಂತ ಹುಡುಗ ಜಾಡು ಹಾಕಿದ. ಎಂಥಾ ಮಾತು! ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಹೆಸರು. ಕಿಂಡಿಯ ಹೊರಗೆ ನಿಂತವನು. ಕನಕ.

ಅಣ್ಣ ಬರೆದ ಸಾಲು ನನಗೆ ಇನ್ನೂ ನೆನಪಿದೆ: ‘ಇಷ್ಟು ವರ್ಷ ಆ ಕಿಂಡಿಯ ಎದುರು ನಿಂತಿದ್ದೇನೆ, ಹೆಸರು ತಿರುಗಿಸಿ ಓದಿದ್ದಿಲ್ಲ.’

ಈಗ ಮೂರನೆಯ ಉತ್ತರ ‘ಕ’ದಿಂದ ಶುರುವಾಗಲೇಬೇಕು. ಗೋಪುರ ಕುಸಿಯಿತು. ಅಷ್ಟು ಹೊತ್ತಿಗೆ ಮೂಡಿಗೆರೆಯ ತಮ್ಮನಿಗೆ ಸಿಗ್ನಲ್ ಬಂತು. ಇನ್ನೂರಕ್ಕೂ ಹೆಚ್ಚು ಮೆಸೇಜು ಒಟ್ಟಿಗೆ ಇಳಿದಿರಬೇಕು, ಪಾಪ. ಅವನು ಬರೆದದ್ದು ಇಷ್ಟೇ: ‘ಹೊರನಾಡಿಗೆ ಹೋಗುವಾಗ ಭದ್ರಾ ಹೊಳೆ ದಂಡೆ ಮೇಲೆ ಸಿಗ್ತದಲ್ಲ ಮಾರಾಯ್ರೆ, ಆ ಊರು.’ ಕಳಸ. ಕಳಸೇಶ್ವರನ ಊರು. ಗುಡಿಯ ನೆತ್ತಿಯ ಮೇಲೆ ಇರುವುದೂ ಕಳಸವೇ. ಅರಸು ಸುಳಿವಿನ ಹಾಗೆಯೇ, ಎರಡು ಅರ್ಥ ಪಕ್ಕಪಕ್ಕ. ಸರಳ ಸುಳಿವೇ ನಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಸತಾಯಿಸಿತ್ತು.

ಒಬ್ಬರೇ ಕೂತಿದ್ದರೆ ಇದು ಬಿಚ್ಚುತ್ತಿತ್ತಾ? ನನಗಂತೂ ಇಲ್ಲ. ಕಳಸಕ್ಕೆ ನಾನು ಹೋದವಳೇ ಅಲ್ಲ. ತಮ್ಮನಿಗೆ ಊರು ಗೊತ್ತಿತ್ತು, ಆದರೆ ‘ಕ’ ಬೇಕು ಅನ್ನುವುದು ಅವನಿಗೆ ನಮ್ಮಿಂದ ಸಿಕ್ಕಿತು. ಆ ‘ಕ’ ಸಿಕ್ಕಿದ್ದು, ಉಡುಪಿಯನ್ನು ಇನ್ನೂ ನೋಡದ ಹುಡುಗ ಒಂದು ಕ್ರಿಯಾಪದವನ್ನು ಸರಿಯಾಗಿ ಓದಿದ್ದರಿಂದ. ಅವನಿಗೆ ಕಿಂಡಿ ತೋರಿಸಿದ್ದು ಅಣ್ಣ.

ಕೊನೆಗೆ ಬ್ಯಾಡಗಿಯ ಸರ್ ಬಾಯಿ ಬಿಟ್ಟರು. ಕನಕದಾಸರ ಕಾಗಿನೆಲೆ ಅವರ ತಾಲ್ಲೂಕಿನಲ್ಲೇ ಇದೆ. ಮುಂಡಿಗೆ ಬರೆದ ದಾಸರ ಹೆಸರನ್ನೇ ಗಂಟಿನ ಒಳಗೆ ಇಡಬೇಕು ಅಂತ ಅವರಿಗೆ ಬಹಳ ದಿನದಿಂದ ಇತ್ತಂತೆ.

ಕೊನೆಗೆ ಉಳಿದ ಸುಳಿವನ್ನು ಬಿಡಿಸಿದವರಿಗೆ ಮುಂದಿನ ಗಂಟು ಕಟ್ಟುವ ಹಕ್ಕು. ಹಾಗಾಗಿ ಬರುವ ತಿಂಗಳು ಮೂಡಿಗೆರೆಯ ತಮ್ಮನದು, ಮಳೆ ಮತ್ತು ಟವರ್ ಎರಡೂ ಮನಸ್ಸು ಮಾಡಿದರೆ. ಅಲ್ಲಿಯವರೆಗೆ ನಾನು ಕಟ್ಟಿಟ್ಟುಕೊಂಡ ಎರಡು ಬಿಡಿ ಸುಳಿವುಗಳನ್ನು ನಿಮಗೆ ಕೊಡುತ್ತೇನೆ.

ಬೆಟ್ಟದ ನಡುವೆ ನಿಂತು ‘ಸಾ’ ಅಂದರೆ ದೋಸೆಗೆ ರುಚಿ (3).

ಸಿಂಹಾಸನಕ್ಕೆ ತಲೆ ಹೋದರೂ ಜಿಲ್ಲೆ ಉಳಿಯಿತು (3).

ಮೊದಲನೆಯದಕ್ಕೆ ಬೆಟ್ಟದ ಇನ್ನೊಂದು ಹೆಸರು ಬೇಕು, ಮಲೆನಾಡಿನವರಿಗೆ ಬೇಗ ಸಿಗುತ್ತದೆ. ಎರಡನೆಯದರಲ್ಲಿ ರಾಜನ ಬಗ್ಗೆ ಯೋಚಿಸಬೇಡಿ, ‘ತಲೆ’ ಯಾವುದು ಅಂತ ನೋಡಿ.