ಕಾರ್ಬ್ಯುರೇಟರಿಗೆ ಮುನ್ನ ಒಂದು ಸೋಸುವಿಕೆ

ನನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಐಡಲಿಂಗ್‌ನಲ್ಲಿ (ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವಾಗ) ಮುಗ್ಗರಿಸತೊಡಗಿದಾಗ ನಾನು ಮೊದಲು ಅನುಮಾನಿಸಿದ್ದು ಇಗ್ನಿಷನ್ನನ್ನು. ಆದರೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ವೆಬರ್ ಡಿಸಿಒಇ ಕಾರ್ಬ್ಯುರೇಟರಿನ ಐಡಲ್ ಜೆಟ್ಟನ್ನು (ಐಡಲಿಂಗ್‌ಗೆ ಬೇಕಾದಷ್ಟು ಪೆಟ್ರೋಲನ್ನು ಅಳೆದು ಬಿಡುವ ಪುಟ್ಟ ಭಾಗ) ಬಿಚ್ಚಿ ಬೆಳಕಿಗೆ ಹಿಡಿದಾಗ, ಸುಮಾರು 0.5 ಮಿ.ಮೀ. ವ್ಯಾಸದ ಆ ರಂಧ್ರಕ್ಕೆ ತುಕ್ಕಿನ ಕಂದು ಕಣವೊಂದು ಅಡ್ಡ ಕುಳಿತಿತ್ತು.

ಅರ್ಧ ಖಾಲಿಯಾದ ಉಕ್ಕಿನ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟಿ ತುಕ್ಕು ಹುಟ್ಟುತ್ತದೆ. ಎಥನಾಲ್ ಬೆರೆತ ಪೆಟ್ರೋಲು ನೀರನ್ನು ಹೀರುವುದಲ್ಲದೆ, ಹಳೆಯ ರಬ್ಬರ್ ಕೊಳವೆಗಳನ್ನು ಒಳಗಿನಿಂದಲೇ ಸವೆಸಿ ಕಪ್ಪು ಚೂರುಗಳನ್ನು ಮುಂದಕ್ಕೆ ಕಳಿಸುತ್ತದೆ. ಕಾರ್ಬ್ಯುರೇಟರಿನ ಒಳದಾರಿಯಲ್ಲಿರುವ ಪುಟ್ಟ ಜಾಲರಿ ದೊಡ್ಡ ಕಸವನ್ನಷ್ಟೇ ತಡೆಯಬಲ್ಲದು.

ಆದ್ದರಿಂದ ಟ್ಯಾಂಕು ಮತ್ತು ಪಂಪಿನ ನಡುವೆ ಒರಟು ಜಾಲರಿಯ ಫಿಲ್ಟರನ್ನೂ, ಪಂಪಿನ ನಂತರ ಸೂಕ್ಷ್ಮವಾದ ಕಾಗದದ ಫಿಲ್ಟರನ್ನೂ ಜೋಡಿಸಿದ್ದೇನೆ. ಈ ಕ್ರಮವನ್ನು ತಿರುಗಿಸಿದರೆ ಪಂಪು ಹೀರಲು ಹೆಣಗಿ, ಬಿಸಿಯಲ್ಲಿ ಕೊಳವೆಯೊಳಗೆ ಪೆಟ್ರೋಲು ಆವಿಯಾಗುವ ತೊಂದರೆ ಹೆಚ್ಚುತ್ತದೆ. ಇಲ್ಲಿನ ಒತ್ತಡ ಸುಮಾರು 3 ಪಿಎಸ್‌ಐ (ಚದರ ಅಂಗುಲಕ್ಕೆ 3 ಪೌಂಡ್) ಮಾತ್ರವಾದ್ದರಿಂದ ಅಲ್ಪ ಅಡಚಣೆಯೂ ಕಾರು ವೇಗವಾಗಿ ಓಡುವಾಗ ಫ್ಲೋಟ್ ಚೇಂಬರನ್ನು (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಸಂಗ್ರಹವಾಗುವ ಪುಟ್ಟ ಕೋಣೆ) ಬರಿದಾಗಿಸಬಹುದು. ಫಿಲ್ಟರಿನ ಮೇಲಿನ ಬಾಣದ ಗುರುತು ಕಾರ್ಬ್ಯುರೇಟರಿನ ಕಡೆಗಿರಬೇಕು (ಒಮ್ಮೆ ನಾನೇ ಉಲ್ಟಾ ಕೂರಿಸಿದ್ದೆ).

ಗಾಜಿನ ಫಿಲ್ಟರ್ ನೋಡಲು ಅಂದ, ಆದರೆ ಅದು ನನಗೆ ಬೇಡ: ಬಿಸಿ ಎಕ್ಸಾಸ್ಟಿನ ಬಳಿ ಅದರ ವಾಷರ್ ಸಡಿಲಗೊಂಡು ಒಂದು ಹನಿ ಜಿನುಗಿದರೂ ಬೆಂಕಿಗೆ ಅಷ್ಟೇ ಸಾಕು. ಲೋಹದ ಕವಚದ ಫಿಲ್ಟರಿನೊಳಗೆ ಕಸ ಕಾಣದು, ಹಾಗಾಗಿ ಪ್ರತಿ ವರ್ಷ ಬದಲಿಸುತ್ತೇನೆ.