ಕಾಕಾನ ಮುಷ್ಟಿ ಬಿಚ್ಚಿದ ಆಪರೇಷನ್

ಲಕ್ವಾ ಹೊಡೆದ ಕೈ ಮುಷ್ಟಿ ಕಟ್ಟಿಕೊಂಡೇ ಉಳಿದರೆ ಕಲಬುರಗಿ ಬೇಸಿಗೆಯಲ್ಲಿ ಅದರೊಳಗೆ ಏನಾಗುತ್ತದೆ ಗೊತ್ತಾ? ಬೆವರು ಅಲ್ಲೇ ನಿಂತು ಚರ್ಮ ಮೆತ್ತಗಾಗಿ ವಾಸನೆ ಬರುತ್ತದೆ. ನಮ್ಮ ಕಾಕಾಗೆ ಉಗುರು ಅಂಗೈಗೆ ನಾಟಿ ಗಾಯವೂ ಆಗಿತ್ತು. ಕಾಕು ಬೆರಳು ಬಿಡಿಸಿ ಒರೆಸಲು ಹೋದರೆ ಕಾಕಾ ಚೀರುತ್ತಿದ್ದರು.

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ "ಲಕ್ವಾದ ಕೈ ಅಂದ್ರ ಹಿಂಗೇ ರೀ" ಅಂದು ಕಳಿಸಿದರು. ಆಪರೇಷನ್ ಮಾತೇ ಬರಲಿಲ್ಲ. ಅದಕ್ಕೆ ನನಗೆ ಇನ್ನೂ ಸಿಟ್ಟಿದೆ. ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿದೆವು. ಅದು ಬಿಗಿತವನ್ನು ಸುಮಾರು 3 ತಿಂಗಳು ಸಡಿಲಿಸುತ್ತದೆ, ಅಷ್ಟೇ. ಬಿಗಿದೂ ಬಿಗಿದೂ ಗಿಡ್ಡಾದ ಸ್ನಾಯು ಅದರಿಂದ ಉದ್ದ ಆಗುವುದಿಲ್ಲ.

ಹೈದರಾಬಾದಿನ ಸರ್ಜನ್ ಮೊದಲು ಕೇಳಿದ್ದು, ಲಕ್ವಾ ಹೊಡೆದು ಎಷ್ಟು ದಿನವಾಯಿತು ಅಂತ. ಕೈ ತಾನಾಗೇ ಎಷ್ಟು ಸುಧಾರಿಸುತ್ತದೆ ನೋಡಲು ಕನಿಷ್ಠ 6 ತಿಂಗಳಾದರೂ ಕಾಯುತ್ತಾರಂತೆ. ಆಮೇಲೆ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡಿದರು. ಬೆರಳು ಸಡಿಲಾದರೆ ಅದು ಬರೀ ಬಿಗಿತ, ಆಗದಿದ್ದರೆ ಸ್ನಾಯುವೇ ಗಿಡ್ಡಾಗಿದೆ. ಬೆರಳು ಸ್ವಲ್ಪವಾದರೂ ಹೇಳಿದಂತೆ ಕೇಳುವವರಿಗೆ, ಹಿಡಿತ ಹೋಗದ ಹಾಗೆ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯನ್ನು, ಅಷ್ಟಷ್ಟೇ ಉದ್ದ ಮಾಡುತ್ತಾರೆ. ಕಾಕಾನ ಬೆರಳು ಏನೂ ಕೇಳುತ್ತಿರಲಿಲ್ಲ. ಅವರಿಗೆ ಬೇರೆ ದಾರಿ.

ಹೆಬ್ಬೆರಳು ಬಿಟ್ಟರೆ ಪ್ರತಿ ಬೆರಳನ್ನೂ ಮಡಚಲು ಎರಡು ಟೆಂಡನ್ ಇರುತ್ತವೆ, ಒಂದು ಮೇಲೆ, ಒಂದು ಆಳದಲ್ಲಿ. ಮುಂಗೈಯಲ್ಲಿ ಮೇಲಿನದನ್ನು ಅಂಗೈ ಹತ್ತಿರ, ಆಳದ್ದನ್ನು ಮೊಣಕೈ ಕಡೆ ಕತ್ತರಿಸಿ, ಆ ಎರಡು ತುದಿಗಳನ್ನು ಜೋಡಿಸುತ್ತಾರೆ. ಹಗ್ಗಕ್ಕೆ ಇನ್ನೊಂದು ತುಂಡು ಕಟ್ಟಿದ ಹಾಗೆ. ಬೆರಳು ಬಿಚ್ಚಿಕೊಳ್ಳುತ್ತದೆ.

ಕೈ ಮಾತ್ರ ಕೆಲಸ ಮಾಡುವುದಿಲ್ಲ. ಸರ್ಜನ್ ಇದನ್ನು ಎರಡೆರಡು ಸಲ ಹೇಳಿದರು. ಮೆದುಳಿಗೆ ಆದ ಪೆಟ್ಟನ್ನು ಕೈ ಕೊಯ್ದು ಸರಿ ಮಾಡಲು ಬರುವುದಿಲ್ಲ, ಅಲ್ವಾ? ನಮ್ಮ ಹುಡುಗ ವಾಟ್ಸಾಪಿನಲ್ಲಿ ಬಂದದ್ದು ಅಂತ, ಕುತ್ತಿಗೆಯಲ್ಲಿ ಚಲೋ ಕಡೆಯ ನರವನ್ನು ಲಕ್ವಾ ಹೊಡೆದ ಕೈಗೆ ಜೋಡಿಸುವ ಆಪರೇಷನ್ ತೋರಿಸಿದ. ಅದು ಸುಳ್ಳೇನಲ್ಲ, ಶಾಂಘೈ ವೈದ್ಯರು 2018ರಲ್ಲಿ ಪ್ರಕಟಿಸಿದ್ದಾರೆ. ಕಾಕಾಗೆ ಅದು ಬೇಡ ಅಂದರು ಸರ್ಜನ್.

"ಕೈ ನಡಿಯಂಗಿಲ್ಲ ಅಂದ್ಮ್ಯಾಗ ಸುಮ್ನೆ ರೊಕ್ಕ ಯಾಕ ಹಾಳ್ ಮಾಡ್ತೀರಿ?" ಅಂದರು ಬೀಗರು. ಕಾಕು ಒಂದೇ ಮಾತು ಹೇಳಿದರು: "ದಿನಾ ತೊಳಿಯಾಕಿ ನಾನು."

ಆಪರೇಷನ್ ಮಾಡಿಸಿದೆವು, ಪಟ್ಟಿಯೂ ಬಿಚ್ಚಿ ಆಯಿತು. ಈಗ ರಾತ್ರಿ ಸ್ಪ್ಲಿಂಟ್ (ಬೆರಳು ಮತ್ತೆ ಮಡಚದ ಹಾಗೆ ಹಿಡಿಯುವ ಆಧಾರ) ಹಾಕುತ್ತೇವೆ. ಗಾಯ ಮಾಯ್ದಿದೆ. ಉಗುರು ಕತ್ತರಿಸುವಾಗ ಕಾಕಾ ಟಿವಿ ನೋಡುತ್ತಾ ಕೂತಿರುತ್ತಾರೆ. ಮೊಣಕೈ ಇನ್ನೂ ಮಡಚಿಯೇ ಇದೆ, ಅಂಗಿ ಹಾಕುವ ಜಗಳ ನಡೆದೇ ಇದೆ. ಅದರ ಬಗ್ಗೆ ಮುಂದಿನ ಸಲ ಹೋದಾಗ ಕೇಳಬೇಕು.